ಬಯಲೂ ಕಾಡೇ

ಮರವಿಲ್ಲದ ನೆಲವೆಲ್ಲ ಬಂಜರು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಮೂವತ್ತು ವರ್ಷ ಅದನ್ನೇ ಮಕ್ಕಳಿಗೆ ಬೋಧಿಸಿದವನು ನಾನು. ಆದ್ದರಿಂದ ಅದರ ವಿರುದ್ಧ ಬರೆಯುವ ಹೊಣೆಯೂ ನನ್ನದೇ.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಒಂದು ಆಗಸ್ಟಿನ ದಿನ, ನ್ಯೂ ಫಾರೆಸ್ಟ್ ರಾಷ್ಟ್ರೀಯ ಉದ್ಯಾನವನ್ನು ನೋಡಿದೆ. ಓಕ್, ಬೀಚ್ ಮರಗಳ ಕಾಡು ದಾಟಿದೊಡನೆ ಕಣ್ಣು ಹಾಯುವಷ್ಟು ದೂರ ಬಯಲು. ಕುರುಚಲು ಹೀದರ್ ಗಿಡಗಳು ನೇರಳೆ ಹೂ ಹೊತ್ತು ನಿಂತಿದ್ದವು. ನಡುವೆ ಗಿಡ್ಡ ಕುದುರೆಗಳು ಮೇಯುತ್ತಿದ್ದವು. ಜೊತೆಗಿದ್ದ ನಮ್ಮ ಸೀಮೆಯವರೊಬ್ಬರು, "ಮೇಷ್ಟ್ರೇ, ಇಷ್ಟು ಜಾಗ ಹಾಳು ಬಿಟ್ಟಿದ್ದಾರಲ್ಲ, ಗಿಡ ನೆಡಬಾರದಿತ್ತೆ?" ಎಂದರು.

ಅದು ಹಾಳು ಬಿಟ್ಟದ್ದಲ್ಲ, ಉಳಿಸಿಕೊಂಡದ್ದು. 1079ರ ಸುಮಾರಿಗೆ ವಿಲಿಯಂ ದೊರೆ ಬೇಟೆಗೆಂದು ಕಾಯ್ದಿರಿಸಿದ ನೆಲವದು. ಅಂದು 'ಫಾರೆಸ್ಟ್' ಎಂದರೆ ಬೇಟೆಯ ಕಾನೂನಿಗೊಳಪಟ್ಟ ಸೀಮೆ. ಮರವೂ ಬಯಲೂ ಅದರೊಳಗೇ. ಮುಂದೆ ಮರ ಬೆಳೆಸಲು ಸರ್ಕಾರ ಬೇಲಿ ಹಾಕುತ್ತ ಬಂದಾಗ, 1877ರ ಕಾಯಿದೆ ಅದಕ್ಕೆ ತಡೆಯೊಡ್ಡಿ ಹಳ್ಳಿಗರ ಮೇವಿನ ಹಕ್ಕನ್ನು ಕಾಪಾಡಿತು. ಆ ಕುದುರೆಗಳು ಇಂದಿಗೂ ಅಂಥ ಹಕ್ಕುದಾರರವೇ. ಅವು ಮೇಯದಿದ್ದರೆ ಬರ್ಚ್, ಪೈನ್ ಸಸಿಗಳೆದ್ದು ಬಯಲನ್ನು ನುಂಗುತ್ತವೆ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳು ನೆಲೆ ಕಳೆದುಕೊಳ್ಳುತ್ತವೆ. ಹಿಂದೆ ನೆಟ್ಟ ಪೈನ್ ಜಾತಿಯ ಮರಗಳನ್ನು ಈಗ ಕೆಲವೆಡೆ ಕಡಿದು ಬಯಲನ್ನು ಮರಳಿ ತರುತ್ತಿದ್ದಾರೆ.

ನಾವೇನು ಮಾಡಿದೆವು? 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಯಲುಸೀಮೆಗೆ ನೀಲಗಿರಿ ತುಂಬಿದೆವು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ವನಮಹೋತ್ಸವದ ದಿನ, ಮಕ್ಕಳನ್ನು ಸಾಲಾಗಿ ಕರೆದೊಯ್ದು ಊರ ಗೋಮಾಳದಲ್ಲಿ ಗುಂಡಿ ತೋಡಿಸಿದವನು ನಾನೇ. "ಕುರಿ ಎಲ್ಲಿ ಮೇಯ್ಬೇಕು ಸ್ವಾಮಿ?" ಎಂದು ಕೇಳಿದ ಕುರಿಗಾಹಿಗೆ ಪರಿಸರದ ಪಾಠ ಹೇಳಿ ಕಳಿಸಿದ್ದೆ. ನೀಲಗಿರಿಯ ಸೊಪ್ಪನ್ನು ಕುರಿ ಮುಟ್ಟದೆಂಬುದು ಅವನಿಗೆ ಗೊತ್ತಿತ್ತು, ನನಗಿರಲಿಲ್ಲ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಆ ಕುರಿಗಾಹಿ ಮಂದೆ ಮಾರಿ ಊರು ಬಿಟ್ಟಾಗಿತ್ತು.

ಮಿತಿಮೀರಿ ಮೇಯಿಸಿದರೆ ನೆಲ ಕೆಡದೆ? ಕೆಡುತ್ತದೆ. ಅದಕ್ಕೆಂದೇ ಅಲ್ಲಿ ವರ್ಡರರ್ ಎಂಬವರ ನ್ಯಾಯಮಂಡಳಿಯಿದೆ, ನಿಯಮಗಳಿವೆ. ಮೇವಿಗೆ ಕಟ್ಟಳೆ ಬೇಕು ನಿಜ. ಮೇಯುವವರನ್ನೇ ಓಡಿಸುವುದು ಕಟ್ಟಳೆಯಲ್ಲ. ಕೃಷ್ಣಮೃಗವೂ ತೋಳವೂ ಬದುಕುವುದು ನಾವು ಬಂಜರೆಂದು ಬರೆದಿಟ್ಟ ಬಯಲಿನಲ್ಲೇ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ: ಮುಂದಿನ ವನಮಹೋತ್ಸವಕ್ಕೆ ಗುಂಡಿ ತೋಡಿಸುವ ಮುನ್ನ ಆ ನೆಲದಲ್ಲಿ ಯಾರು ಮೇಯಿಸುತ್ತಾರೆಂದು ಕೇಳಿ. ನಾನು ಕೇಳಲಿಲ್ಲ.