ಪೆಟ್ಟಿಗೆಯ ಮೇಲೆ ಯಾರ ಮುಖ?

ತುಮಕೂರಿನ ನಮ್ಮ ಬಡಾವಣೆಯಲ್ಲಿ, ಬಸ್ ಸ್ಟಾಪಿನ ಎದುರಿಗೇ, ಒಂದು ಪೆಟ್ಟಿಗೆ ಇದೆ. ಹೆಚ್ಚಾದದ್ದನ್ನು ಇಡಬಹುದು, ಬೇಕಾದವರು ಒಯ್ಯಬಹುದು. ಅಕ್ಕಿ, ಸೋಪು, ಬ್ರೆಡ್ಡು, ಹಳೆಯ ಸ್ವೆಟರು. ಪೆಟ್ಟಿಗೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅದರ ನೆತ್ತಿಯ ಮೇಲಿನ ಫ್ಲೆಕ್ಸಿನ ಬಗ್ಗೆ. ಅದರಲ್ಲಿ ದಾನಿಗಳ ಮುಖ ಒಳಗಿನ ಅಕ್ಕಿ ಪೊಟ್ಟಣಕ್ಕಿಂತ ದೊಡ್ಡದು. ಇಡುವವರು ಹಗಲಲ್ಲಿ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಒಯ್ಯುವವರು ಕತ್ತಲಾಗಲೆಂದು ಕಾಯುತ್ತಾರೆ. ಶಿಷ್ಯವೇತನ ಬಾರದ ತಿಂಗಳೊಂದರಲ್ಲಿ ಗುಬ್ಬಿ ಕಡೆಯ ನನ್ನ ಸಹಪಾಠಿಯೊಬ್ಬ ಅದರ ಮುಂದೆ ಎರಡು ಸಲ ಹಾದುಹೋದ. ಕೈ ಹಾಕಲಿಲ್ಲ. ಅಂದು ರಾತ್ರಿ ಬನ್ನು, ಟೀ.

ಇದು ನಡೆಯುತ್ತಿರುವುದು ಸಿದ್ಧಗಂಗೆಯ ಊರಿನಲ್ಲಿ. ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾದ ಜನವರಿ 21ನ್ನು ಸರ್ಕಾರವೇ ದಾಸೋಹ ದಿನವೆಂದು ಘೋಷಿಸಿದೆ. ವಿಚಾರಸಂಕಿರಣಗಳಲ್ಲಿ ನಾವೂ (ಸಂಶೋಧಕರಿಗೆ ಇದು ಸಲೀಸಾದ ವಿಷಯ) ದಾನ ಬೇರೆ, ದಾಸೋಹ ಬೇರೆ ಎಂದು ಪ್ರಬಂಧ ಮಂಡಿಸುತ್ತೇವೆ. ಕೊಡುವವನೇ ‘ನಾನು ದಾಸ’ ಎನ್ನಬೇಕಾದದ್ದು ದಾಸೋಹ. ಹಾಗಾದರೆ ದಾಸನಿಗೆ ಫ್ಲೆಕ್ಸ್ ಯಾಕೆ?

ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಉಣ್ಣುತ್ತಾರೆ. ಹಳ್ಳಿಗಳ ರೈತರು ತಮ್ಮ ಕಣದಿಂದ ತಂದುಕೊಟ್ಟ ರಾಗಿ ಅಲ್ಲಿ ಮುದ್ದೆಯಾಗುತ್ತದೆ. ಮಠಗಳಲ್ಲೂ ದಾನಿಗಳ ಹೆಸರಿನ ಕಲ್ಲುಗಳಿವೆ, ಬಲ್ಲೆ. ಆದರೆ ಉಗ್ರಾಣಕ್ಕೆ ಸುರಿದ ಮೇಲೆ ಗುಬ್ಬಿಯ ರಾಗಿ ಯಾವುದು, ಕುಣಿಗಲ್ಲಿನದು ಯಾವುದು? ಉಣ್ಣುವ ಮಗು ಯಾರ ಮುಖವನ್ನೂ ನೋಡಿ ತಲೆ ತಗ್ಗಿಸಬೇಕಾಗಿಲ್ಲ.

‘ಹೆಸರು ಹಾಕದಿದ್ದರೆ ಯಾರಪ್ಪಾ ಕೊಡ್ತಾರೆ?’ ಎನ್ನುತ್ತಾರೆ. 2021ರಲ್ಲಿ, ಕೋವಿಡ್ ಕಾಲದಲ್ಲಿ, ಫಿಲಿಪೀನ್ಸಿನ ಕ್ವೆಜಾನ್ ಸಿಟಿಯ ಬೀದಿಯಲ್ಲಿ ಯುವತಿಯೊಬ್ಬರು ಬಿದಿರಿನ ಗಾಡಿಯೊಂದರಲ್ಲಿ ದಿನಸಿ ಇಟ್ಟರು. ಕೈಲಾದಷ್ಟು ಕೊಡಿ, ಬೇಕಾದಷ್ಟು ಒಯ್ಯಿರಿ ಎಂಬರ್ಥದ ರಟ್ಟಿನ ಬೋರ್ಡು, ಅಷ್ಟೇ. ಕೆಲವೇ ದಿನಗಳಲ್ಲಿ ದೇಶದ ತುಂಬ ಅಂಥವು ಹುಟ್ಟಿಕೊಂಡವು.

ಇನ್ನೊಂದು ಮಾತು. ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಕಡಿಮೆಯಾದರೆ ನಮ್ಮ ಅಮ್ಮಂದಿರು ಜಗಳ ಕಾಯುತ್ತಾರೆ. 2013ರ ಆಹಾರ ಭದ್ರತಾ ಕಾಯ್ದೆ ಆ ಅಕ್ಕಿಯನ್ನು ಹಕ್ಕು ಮಾಡಿದೆ. ಪೆಟ್ಟಿಗೆಯ ಮುಂದೆ ಜಗಳಕ್ಕೆ ಜಾಗವಿಲ್ಲ. ಹಳಸಿದ ಚಿತ್ರಾನ್ನಕ್ಕೂ ಕೈ ಮುಗಿಯಬೇಕು. ಹಾಗಾಗಿ ‘ಪೆಟ್ಟಿಗೆ ಇದೆಯಲ್ಲ, ಇನ್ನೇನು?’ ಎನ್ನುವ ಕಾರ್ಪೊರೇಟರುಗಳನ್ನು ನಂಬಬೇಡಿ.

ಪೆಟ್ಟಿಗೆ ಇರಲಿ. ಬಸ್ ಸ್ಟಾಪಿನಿಂದ ಎತ್ತಿ ಹಿಂದಿನ ಅಡ್ಡರಸ್ತೆಗೆ ಇಡಿ. ಉಳಿದ ಅನ್ನದ ಬದಲು ಬೇಳೆ, ಎಣ್ಣೆ, ಸ್ಯಾನಿಟರಿ ಪ್ಯಾಡ್ ಇಡಿ. ಫ್ಲೆಕ್ಸನ್ನು ಇವತ್ತೇ ಇಳಿಸಿ.