ಪೇಪರ್ ಇಲ್ಲದ ನಾಯಿಗೂ ಕಣದಲ್ಲಿ ಜಾಗ ಇರಲಿ

ನಮ್ಮ ನಂಜನಗೂಡು, ತಿ. ನರಸೀಪುರದ ಕಡೆ ನಾಯಿಗಳಲ್ಲಿ ಎರಡೇ ಬಗೆ. ಒಂದು ‘ಜಾತಿ ನಾಯಿ’, ಇನ್ನೊಂದು ‘ಕಂತ್ರಿ ನಾಯಿ’. ದುಡ್ಡು ಕೊಟ್ಟು ತಂದು, ಗೇಟಿನೊಳಗೆ ಕಟ್ಟಿಹಾಕಿ, ಅಂಗಡಿಯಿಂದ ತಂದ ಆಹಾರ ಹಾಕಿದರೆ ಅದು ಜಾತಿ ನಾಯಿ. ತಾನಾಗಿಯೇ ಬಂದು ಜಗಲಿಯ ಮೂಲೆಯಲ್ಲಿ ಮಲಗಿ, ಮಿಕ್ಕ ಮುದ್ದೆ ತಿಂದು, ರಾತ್ರಿಯೆಲ್ಲ ಬೊಗಳಿ ಮನೆ ಕಾದರೆ ಅದು ಕಂತ್ರಿ. ಇಂಗ್ಲಿಷಿನ ‘ಕಂಟ್ರಿ’ ಎಂಬ ಪದವೇ ನಮ್ಮ ಬಾಯಲ್ಲಿ ಕಂತ್ರಿಯಾಯಿತು ಎನ್ನುತ್ತಾರೆ. ಹಾಗಿದ್ದರೆ ‘ಈ ನಾಡಿನದು’ ಎನ್ನುವ ಮಾತನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ.

ಈ ಮಾತು ಈಗ ಯಾಕೆಂದರೆ, ಶ್ವಾನ ಪ್ರದರ್ಶನಗಳು ಊರೂರಿಗೂ ಬರುತ್ತಿವೆ. ಮೈಸೂರಿಗೆ ಇವು ಹೊಸದಲ್ಲ. ರೈತ ದಸರಾದ ಅಂಗವಾಗಿಯೂ ಸಾಕುಪ್ರಾಣಿಗಳ ಪ್ರದರ್ಶನ ನಡೆದಿದೆ. ಈಗೀಗ ತಾಲ್ಲೂಕುಗಳಲ್ಲಿ ಕೂಡ ಹಬ್ಬ, ಜಾತ್ರೆಗಳ ಜೊತೆಗೆ ಒಂದು ಶಾಮಿಯಾನ ಹಾಕಿ, ಮೈಕ್ ಕಟ್ಟಿ ಪ್ರದರ್ಶನ ಮಾಡುವ ಹುಮ್ಮಸ್ಸು ನಮ್ಮ ವಯಸ್ಸಿನವರಲ್ಲಿ ಕಾಣುತ್ತಿದೆ. ಒಳ್ಳೆಯದೇ. ಆದರೆ ಯಾವ ನಾಯಿಯನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎನ್ನುವ ಪ್ರಶ್ನೆ ಬಂದಾಗ ನಗರದ ದೊಡ್ಡ ಪ್ರದರ್ಶನಗಳ ನಿಯಮವನ್ನು ಹಾಗೇ ಎತ್ತಿಕೊಂಡುಬಿಡುತ್ತಾರೆ. ಅಲ್ಲಿದೆ ತೊಂದರೆ.

ತಿ. ನರಸೀಪುರದ ಕಡೆಯ ನನ್ನ ಗೆಳೆಯನೊಬ್ಬನ ಬಳಿ ಮುಧೋಳ ನಾಯಿ ಇದೆ. ಅವನ ಮಾವ ಬಾಗಲಕೋಟೆ ಕಡೆ ಕೆಲಸದಲ್ಲಿದ್ದಾಗ ತಂದುಕೊಟ್ಟ ಮರಿ. ಉದ್ದ ಮೂತಿ, ಒಳಕ್ಕೆ ಸರಿದ ಹೊಟ್ಟೆ, ಬಿಟ್ಟರೆ ಬಾಣ. ಕಬ್ಬಿನ ಗದ್ದೆಗೆ ಹಂದಿ ಬಂದರೆ ಮೊದಲು ಗೊತ್ತಾಗುವುದು ಅದಕ್ಕೆ. ಕಳೆದ ವರ್ಷ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋದ. ಹೆಸರು ಬರೆಸುವ ಮೇಜಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಪೇಪರ್ ಅದಾ?’ ಇಲ್ಲ ಎಂದ. ಹಾಗಾದರೆ ಆಗುವುದಿಲ್ಲ ಎಂದರು. ಪಕ್ಕದಲ್ಲಿದ್ದವರೊಬ್ಬರು ಮೆಲ್ಲಗೆ, ‘ನಮ್ ನಾಯಿ ಸತ್ತೋಯ್ತು, ಅದರ ಪೇಪರ್ ಮನೇಲೇ ಅದೆ. ಅದನ್ನೇ ಕೊಟ್ಟು ಬರಸ್ಬುಡಪ್ಪ’ ಎಂದರು. ಗೆಳೆಯ ಒಪ್ಪದೆ ನಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ವಾಪಸು ಬಂದ.

ಈ ವಿಷಯ ತಿಳಿದಾಗ ನಮ್ಮ ಹಾಸ್ಟೆಲಿನಲ್ಲಿ ಎರಡು ಗುಂಪಾಯಿತು. ‘ಪೇಪರ್ ಕೇಳುವುದೇ ಅನ್ಯಾಯ, ಸುಳ್ಳು ಪೇಪರ್ ಕೊಟ್ಟರೂ ತಪ್ಪಿಲ್ಲ’ ಎಂದರು ಕೆಲವರು. ‘ನಿಯಮ ಎಂದರೆ ನಿಯಮ’ ಎಂದರು ಉಳಿದವರು. ನನಗೆ ಎರಡೂ ಸರಿ ಎನಿಸಲಿಲ್ಲ.

ಮೊದಲು ಪೇಪರ್ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ ಕೆನೆಲ್ ಕ್ಲಬ್ ಆಫ್ ಇಂಡಿಯಾ ಕೊಡುವ ವಂಶಾವಳಿ ಪತ್ರದಲ್ಲಿ ನಾಯಿಯ ಅಪ್ಪ ಅಮ್ಮ, ಅಜ್ಜ ಅಜ್ಜಿಯರ ಹೆಸರಿರುತ್ತದೆ. ಇದು ಬರೀ ಪ್ರತಿಷ್ಠೆಯ ವಿಷಯವಲ್ಲ. ಒಂದೇ ಹೊಟ್ಟೆಯ ಅಣ್ಣ ತಂಗಿ ಮರಿಗಳನ್ನು ಕೂಡಿಸಿದರೆ ಹುಟ್ಟುವ ಮರಿಯ ಒಳಸಂತಾನ ಪ್ರಮಾಣ ಶೇ 25. ತಾತ ಮೊಮ್ಮಗಳಾದರೆ ಶೇ 12.5. ಈ ಸಂಖ್ಯೆ ಏರಿದಷ್ಟೂ ಅಡಗಿರುವ ರೋಗಗಳು ಹೊರಗೆ ಬರುವ ಸಾಧ್ಯತೆ ಹೆಚ್ಚು. ಅಪ್ಪ ಯಾರು, ಅಜ್ಜ ಯಾರು ಎಂದು ಬರೆದಿಟ್ಟಿದ್ದರೆ ಮಾತ್ರ ಈ ಲೆಕ್ಕ ಹಾಕಲು ಸಾಧ್ಯ. ಸತ್ತ ನಾಯಿಯ ಪೇಪರಿನಲ್ಲಿ ಬೇರೆ ನಾಯಿಯನ್ನು ನುಗ್ಗಿಸಿದರೆ ಆ ಒಂದು ಸುಳ್ಳು ಅದರ ಮಕ್ಕಳು, ಮೊಮ್ಮಕ್ಕಳ ದಾಖಲೆಯವರೆಗೂ ಹರಿದುಹೋಗುತ್ತದೆ. ಮರಿಯನ್ನು ನಂಬಿ ಕೊಂಡವರಿಗೂ ಮೋಸ. ಹಾಗಾಗಿ ನನ್ನ ಗೆಳೆಯ ಮಾಡಿದ್ದೇ ಸರಿ. ನಿಯಮ ಹಿಡಿಸದಿದ್ದರೆ ಅದನ್ನು ಬದಲಿಸಲು ಕೇಳೋಣ. ಸುಳ್ಳು ನಂಬರ್ ಕೊಟ್ಟು ಗೆದ್ದ ಕಪ್ಪಿಗೆ ಬೆಲೆಯಿಲ್ಲ.

ಆದರೆ ಪೇಪರ್ ಏನನ್ನು ಹೇಳುತ್ತದೋ ಅದಷ್ಟನ್ನೇ ಹೇಳುತ್ತದೆ. ನಾಯಿ ಯಾರಿಗೆ ಹುಟ್ಟಿತು ಎಂದು ಹೇಳುತ್ತದೆ. ಅದು ಆರೋಗ್ಯವಾಗಿದೆಯೇ, ಸರಿಯಾಗಿ ಉಸಿರಾಡುತ್ತದೆಯೇ, ಮಕ್ಕಳ ಜೊತೆ ಸೌಮ್ಯವಾಗಿರುತ್ತದೆಯೇ ಎಂದು ಹೇಳುವುದಿಲ್ಲ. ಮೊಬೈಲ್ ಕಂಪನಿಯ ಜಾಹೀರಾತು ಬಂದ ಮೇಲೆ ನಮ್ಮಲ್ಲಿ ಮನೆಮಾತಾದ ಪಗ್ ನಾಯಿಯನ್ನೇ ನೋಡಿ. ಚಪ್ಪಟೆ ಮೂತಿಯೇ ಅದರ ಚೆಲುವು, ಅದೇ ಅದರ ಸಂಕಟ. ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಬುಲ್‌ಡಾಗ್ ಮರಿಗಳ ತಲೆ ಎಷ್ಟು ದೊಡ್ಡದಾಗಿದೆಯೆಂದರೆ ಹೆಚ್ಚಿನವು ಹುಟ್ಟುವುದು ಸಿಸೇರಿಯನ್‌ನಿಂದ. ಜರ್ಮನ್ ಷೆಫರ್ಡ್‌ಗಳಿಗೆ ಸೊಂಟದ ಕೀಲಿನ ನೋವು. ಇವು ಪೇಪರ್ ಇಲ್ಲದ್ದರಿಂದ ಬಂದ ಕಷ್ಟಗಳಲ್ಲ. ‘ಮೂತಿ ಹೀಗಿರಬೇಕು, ಬೆನ್ನು ಹೀಗಿರಬೇಕು’ ಎಂದು ಕಣ್ಣಿಗೆ ಚೆಂದ ಕಂಡದ್ದನ್ನೇ ತಲೆಮಾರುಗಟ್ಟಲೆ ಆರಿಸಿದ್ದರ ಫಲ.

ಇಂಥ ಪ್ರದರ್ಶನಗಳು ಬೆಳೆದ ಇಂಗ್ಲೆಂಡಿನಲ್ಲೇ ಈ ಪ್ರಶ್ನೆ ದೊಡ್ಡದಾಗಿ ಎದ್ದಿತು. 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು ವಂಶಾವಳಿ ನಾಯಿಗಳ ರೋಗಗಳನ್ನು ತೋರಿಸಿತು. ಗದ್ದಲ ಎಷ್ಟಾಯಿತೆಂದರೆ, 1891ರಿಂದ ನಡೆದು ಬಂದಿರುವ ಕ್ರಫ್ಟ್ಸ್ ಪ್ರದರ್ಶನವನ್ನು 2009ರಲ್ಲಿ ಬಿಬಿಸಿ ಪ್ರಸಾರ ಮಾಡಲಿಲ್ಲ. ಮಿಶ್ರತಳಿ ನಾಯಿಗಳಿಗಾಗಿಯೇ ‘ಸ್ಕ್ರಫ್ಟ್ಸ್’ ಎಂಬ ಸ್ಪರ್ಧೆಯನ್ನು ಅಲ್ಲಿನ ಕೆನೆಲ್ ಕ್ಲಬ್ಬೇ ನಡೆಸುತ್ತದೆ. ಅಮೆರಿಕದ ಕೆನೆಲ್ ಕ್ಲಬ್ ಕೂಡ 2009ರಲ್ಲಿ ಮಿಶ್ರತಳಿ ನಾಯಿಗಳನ್ನು ನೋಂದಾಯಿಸಿಕೊಂಡು ಓಟ, ವಿಧೇಯತೆಯಂಥ ಸ್ಪರ್ಧೆಗಳಿಗೆ ಬಿಡುವ ಯೋಜನೆ ತಂದಿತು. ನಿಯಮ ಮಾಡಿದವರೇ ಬಾಗಿಲು ಅಗಲ ಮಾಡಿಕೊಂಡಿರುವಾಗ ನಾವೇಕೆ ಹಳೆಯ ಬೀಗ ಹಿಡಿದು ನಿಲ್ಲಬೇಕು?

ಅಷ್ಟು ದೂರ ಹೋಗುವುದೂ ಬೇಡ. ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಗೋ ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆ ಜಾತ್ರೆಗೋ ಹೋಗಿ ದನಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ. ಹಳ್ಳಿಕಾರ್ ಜೋಡಿಗಳನ್ನು ನೋಡುವವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಯಸ್ಸು ವಿಂಗಡಿಸುತ್ತಾರೆ. ಸುಳಿ, ಕೊಂಬು, ಗೊರಸು, ಬೆನ್ನು, ನಡಿಗೆ ನೋಡುತ್ತಾರೆ. ರಾಸಿನ ಅಜ್ಜನ ಹೆಸರು ಬರೆದ ಪತ್ರ ಯಾರೂ ಕೇಳುವುದಿಲ್ಲ. ಆದರೂ ಹಳ್ಳಿಕಾರ್ ತಳಿ ಉಳಿದಿದೆ, ದೇಶವೇ ಒಪ್ಪಿದ ತಳಿಯಾಗಿದೆ. ಉಳಿಸಿದ್ದು ಅದನ್ನು ಕಟ್ಟಿ ಉತ್ತವರ ಕಣ್ಣು ಮತ್ತು ಕೈ. ದನಕ್ಕೆ ಸಲ್ಲುವ ಈ ವಿವೇಕ ನಾಯಿಯ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

ಮುಧೋಳ ನಾಯಿಯ ಕಥೆಯೂ ಇದನ್ನೇ ಹೇಳುತ್ತದೆ. ಮುಧೋಳದ ಘೋರ್ಪಡೆ ಅರಸರು ಇದನ್ನು ಪೋಷಿಸಿ, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೆ ಮರಿಗಳು ಹೋದವು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಕೆನೆಲ್ ಕ್ಲಬ್‌ನ ಪುಸ್ತಕದಲ್ಲಿ ಮಾತ್ರ ಇದರ ಹೆಸರು ‘ಕ್ಯಾರವಾನ್ ಹೌಂಡ್’. ಊರಿನವರು ಬೇಟೆಗೆ, ಕಾವಲಿಗೆ ಸಾಕಿಕೊಂಡು ಬಂದ ನಾಯಿಗೆ ಪೇಪರ್ ಬಂದದ್ದು ಬಹಳ ತಡವಾಗಿ. ಅರಸರ ಕಾಲದಲ್ಲೇ ಯಾರಾದರೂ ‘ಪೇಪರ್ ಇಲ್ಲ, ಆಚೆ ನಡಿ’ ಎಂದಿದ್ದರೆ ಈ ತಳಿ ನಮ್ಮವರೆಗೆ ಬರುತ್ತಿತ್ತೇ?

ದಾಖಲೆಯೇ ಬೇಡ ಎನ್ನುವುದು ನನ್ನ ವಾದವಲ್ಲ. ನಮ್ಮ ನಂಜನಗೂಡು ರಸಬಾಳೆಗೆ ಭೌಗೋಳಿಕ ಮಾನ್ಯತೆಯ ಪತ್ರ ಇದೆ. ಬೇರೆ ಕಡೆಯ ಬಾಳೆಹಣ್ಣನ್ನು ಆ ಹೆಸರಿನಲ್ಲಿ ಮಾರಬಾರದು ಎನ್ನಲು ಅದು ಬೇಕು. ಆದರೆ ಪನಾಮ ಸೊರಗು ರೋಗ ಬಂದು ತೋಟಗಳು ಖಾಲಿಯಾದಾಗ ಪತ್ರ ಬಂದು ಗಿಡ ನೆಡಲಿಲ್ಲ. ರೋಗವಿಲ್ಲದ ಸಸಿ ಹುಡುಕಿ ಮತ್ತೆ ನೆಟ್ಟ ರೈತರು ಬೇಕಾದರು. ದೇಸಿ ನಾಯಿಗೂ ಇಷ್ಟೇ. ಪತ್ರವೂ ಬೇಕು, ಪತ್ರಕ್ಕಿಂತ ಮೊದಲು ಅದನ್ನು ಸಾಕುವವರಿಗೆ ಹುರುಪು ಬೇಕು. ಮೇಜಿನ ಬಳಿಯೇ ವಾಪಸು ಕಳುಹಿಸಿದರೆ ಮುಂದಿನ ಸಲ ಅವರು ಮುಧೋಳವನ್ನು ಸಾಕುವುದಿಲ್ಲ, ಸಾಲ ಮಾಡಿಯಾದರೂ ಪೇಪರ್ ಇರುವ ಹಸ್ಕಿ ತರುತ್ತಾರೆ. ಹಿಮದ ನಾಡಿನ ನಾಯಿ ಕಪಿಲೆಯ ದಡದಲ್ಲಿ ಫ್ಯಾನಿನ ಕೆಳಗೆ ಒದ್ದಾಡುತ್ತದೆ.

ಇನ್ನು ಯಾವ ತಳಿಯೂ ಅಲ್ಲದ ನಾಟಿ ನಾಯಿ. 2022ರ ಕೊನೆಯಲ್ಲಿ ಮತ್ತು 2023ರ ಜನವರಿಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದ ದಿನಗಳನ್ನು ಇಲ್ಲಿನವರು ಮರೆತಿಲ್ಲ. ಸಂಜೆಯಾದರೆ ಹೊರಗೆ ಬರಲು ಹೆದರಿಕೆ. ಕತ್ತಲಲ್ಲಿ ಏನೋ ಬಂದಿದೆ ಎಂದು ಹಳ್ಳಿಗೆ ಮೊದಲು ಹೇಳುವುದು ಇದೇ ನಾಟಿ ನಾಯಿ. ಚಿರತೆ ಮೊದಲು ಹೊತ್ತೊಯ್ಯುವುದೂ ಅದನ್ನೇ. ಇಂಥ ನಾಯಿಗೆ ವರ್ಷಕ್ಕೊಮ್ಮೆ ಒಂದು ಕಣ, ಒಂದು ಚಪ್ಪಾಳೆ ಸಿಕ್ಕರೆ ಯಾರ ಗಂಟು ಹೋಗುತ್ತದೆ?

‘ನಾಯಿಯ ತಳಿಗೂ ಮನುಷ್ಯರ ಜಾತಿಗೂ ಹೋಲಿಸಬೇಡ’ ಎಂದು ಸಹಪಾಠಿಯೊಬ್ಬಳು ಎಚ್ಚರಿಸಿದಳು. ಅವಳ ಮಾತು ನಿಜ. ನಾಯಿಯ ತಳಿ ಮನುಷ್ಯರು ಆರಿಸಿ ಕೂಡಿಸಿ ಮಾಡಿದ್ದು, ಅದರ ಗುಣಗಳು ರಕ್ತದಲ್ಲಿ ಬರುತ್ತವೆ. ಮನುಷ್ಯರ ಮೇಲು ಕೀಳು ರಕ್ತದಲ್ಲಿಲ್ಲ, ಅದು ನಾವು ಕಟ್ಟಿದ ಸುಳ್ಳು. ಆದರೂ ಹುಟ್ಟಿದ ಮನೆ ಕೇಳಿದ ಮೇಲೆಯೇ ಎದುರಿಗಿರುವ ಜೀವವನ್ನು ನೋಡುವ ಚಾಳಿ ಒಂದೇ. ಕೆಲಸ ಹುಡುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲೇಜಿನ ಹೆಸರು ನೋಡಿ ಅರ್ಜಿಯನ್ನು ಪಕ್ಕಕ್ಕೆ ಸರಿಸಿದಾಗ ನಮಗೆಲ್ಲ ಉರಿಯುತ್ತದೆ. ‘ಒಂದು ಸಲ ಕೆಲಸ ಕೊಟ್ಟು ನೋಡಿ’ ಎಂದು ಕೇಳುವ ನಾವೇ ಪ್ರದರ್ಶನದ ಮೇಜಿನ ಆಚೆ ಕೂತಾಗ ಮೊದಲು ಪೇಪರ್ ಕೇಳುತ್ತೇವೆ.

ಹಾಗಾದರೆ ಏನು ಮಾಡಬಹುದು? ನೋಂದಾಯಿತ ನಾಯಿಗಳ ವಿಭಾಗ ಅದರ ಪಾಡಿಗೆ ಇರಲಿ. ಅಲ್ಲಿ ಪೇಪರ್ ಕೇಳುವುದು ನ್ಯಾಯವೇ. ಅದರ ಪಕ್ಕದಲ್ಲೇ ಎರಡು ವಿಭಾಗ ತೆರೆಯಲಿ: ಪೇಪರ್ ಇಲ್ಲದ ದೇಸಿ ತಳಿಗಳಿಗೆ ಒಂದು, ನಾಟಿ ಮತ್ತು ಮಿಶ್ರ ನಾಯಿಗಳಿಗೆ ಇನ್ನೊಂದು. ಬ್ಯಾನರಿನಲ್ಲೇ ಇದನ್ನು ಸ್ಪಷ್ಟವಾಗಿ ಹಾಕಲಿ, ಬಂದವರು ಮೇಜಿನ ಮುಂದೆ ತಲೆ ತಗ್ಗಿಸಬೇಕಾದ ಪ್ರಮೇಯ ಬರದಿರಲಿ. ಎಲ್ಲ ವಿಭಾಗಕ್ಕೂ ಒಂದು ಪತ್ರ ಕಡ್ಡಾಯವಾಗಲಿ. ಅದು ರೇಬಿಸ್ ಲಸಿಕೆಯ ಚೀಟಿ. ತರದವರಿಗೆ ಪಶುವೈದ್ಯರು ಲಸಿಕೆ ಹಾಕಿಕೊಡಲಿ. ಅಂದು ಸ್ಪರ್ಧೆಗೆ ಆಗದಿದ್ದರೂ ಊರಿಗೆ ಲಾಭ. ಉಸಿರಾಟ, ನಡಿಗೆ, ಚರ್ಮ, ಹಲ್ಲು, ಜನರ ನಡುವೆ ನಾಯಿಯ ವರ್ತನೆ ಇವಕ್ಕೆ ಅಂಕ ಇರಲಿ. ಚೆಂದಕ್ಕೆಂದು ಬಾಲ, ಕಿವಿ ಕತ್ತರಿಸಿದ ನಾಯಿಗೆ ಬಹುಮಾನ ಬೇಡ. ಅದು ಎಷ್ಟೇ ದೊಡ್ಡ ವಂಶದ್ದಾಗಿರಲಿ.

ಇನ್ನೊಂದು ಕೆಲಸ ನಮ್ಮಂಥ ವಿದ್ಯಾರ್ಥಿಗಳದು. ಬಂದ ದೇಸಿ ನಾಯಿಗಳ ಫೋಟೊ, ಊರು, ಅಂದಾಜು ವಯಸ್ಸು, ಗೊತ್ತಿದ್ದರೆ ತಾಯಿ ತಂದೆ, ಲಸಿಕೆಯ ದಿನಾಂಕ ಇಷ್ಟನ್ನು ಒಂದು ಎಕ್ಸೆಲ್ ಶೀಟಿನಲ್ಲಿ ತುಂಬಿಟ್ಟರೂ ಸಾಕು. ಐದು ವರ್ಷ ಬಿಡದೆ ಮಾಡಿದರೆ ಎರಡು ತಾಲ್ಲೂಕಿನ ದೇಸಿ ನಾಯಿಗಳಿಗೆ ನಮ್ಮದೇ ಒಂದು ದಾಖಲೆ ಸಿದ್ಧವಾಗುತ್ತದೆ. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಕಿಲ್ಲ, ಒಂದು ಲ್ಯಾಪ್‌ಟಾಪ್ ಮತ್ತು ಇಬ್ಬರು ಸ್ವಯಂಸೇವಕರು ಸಾಕು. ಮುಂದಿನ ಜಾತ್ರೆಗೆ ಪ್ರದರ್ಶನ ಏರ್ಪಡಿಸುವವರು ಯಾರೇ ಇರಲಿ, ಆ ಮೇಜಿನಲ್ಲಿ ಕೂತು ಹೆಸರು ಬರೆದುಕೊಳ್ಳಲು ನಾನು ಮತ್ತು ನನ್ನ ಗೆಳೆಯರು ತಯಾರಿದ್ದೇವೆ.