ವೇಡಿಂಗ್ ಶೂ ಅಡಿ ಕಿತ್ತುಬಂದರೆ ಸೂಪರ್ ಗ್ಲೂ ಸಾಕೇ? ಅಂಟಿಸುವ ಮುನ್ನ ಇದನ್ನು ಓದಿ

“ಎರಡು ಹನಿ ಸೂಪರ್ ಗ್ಲೂ ಹಾಕಿ ಒತ್ತಿ ಹಿಡಿಯಿರಿ, ಶೂ ಹೊಸದರಂತೆ ಆಗುತ್ತದೆ.” ಇಂಥ ಸಲಹೆಗಳು ಮೊಬೈಲ್‌ನಿಂದ ಮೊಬೈಲ್‌ಗೆ ಸುತ್ತುತ್ತಲೇ ಇರುತ್ತವೆ. ಮನೆ ಚಪ್ಪಲಿಗಾದರೆ ಅದು ನಾಲ್ಕು ದಿನ ನಡೆದೀತು. ಆದರೆ ಅಮೆರಿಕ, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ನದಿಗಿಳಿದು ಗಾಳ ಹಾಕುವವರು ತೊಡುವ ವೇಡಿಂಗ್ ಶೂಗಳ ವಿಷಯ ಬೇರೆ. ಸೊಂಟದ ಮಟ್ಟದ ಹರಿವಿನಲ್ಲಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಶೂವಿನ ಅಡಿ ಕಳಚಿಕೊಂಡರೆ ಜೀವಕ್ಕೇ ಕುತ್ತು.

ಹಾಗಾದರೆ ರಿಪೇರಿ ಮಾಡಲೇಬಾರದೇ? ಖಂಡಿತ ಮಾಡಬಹುದು. ಆದರೆ ಅಡಿ ಯಾಕೆ ಹೋಯಿತು ಎಂಬುದನ್ನು ಮೊದಲು ನೋಡಬೇಕು.

ಅಂಟು ಬಿಟ್ಟಿದೆಯೋ, ಅಡಿಯೇ ಹಾಳಾಗಿದೆಯೋ?

ಕಿತ್ತುಬಂದ ಜಾಗವನ್ನು ಉಗುರಿನಿಂದ ಒತ್ತಿ ನೋಡಿ. ರಬ್ಬರ್ ಗಟ್ಟಿಯಾಗಿದ್ದರೆ ಹೋಗಿರುವುದು ಅಂಟು ಮಾತ್ರ. ಅದನ್ನು ಸರಿಪಡಿಸಬಹುದು. ಒತ್ತಿದಾಗ ಪುಡಿ ಉದುರಿದರೆ ಅಥವಾ ಜಿಗುಟಾಗಿದ್ದರೆ ಯಾವ ಅಂಟೂ ಪ್ರಯೋಜನವಿಲ್ಲ.

ಹಲವು ಶೂಗಳ ಮಧ್ಯದ ಮೆತ್ತನೆಯ ಪದರವನ್ನು ಪಾಲಿಯುರೆಥೇನ್‌ನಿಂದ ಮಾಡಿರುತ್ತಾರೆ. ತೇವಾಂಶವು ಅದರ ಅಣುಗಳ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತದೆ. ಇದನ್ನೇ ಜಲವಿಚ್ಛೇದನೆ ಎನ್ನುತ್ತಾರೆ. ಗಾಳಿಯಲ್ಲಿರುವ ತೇವವೇ ಇದಕ್ಕೆ ಸಾಕು. ನಮ್ಮ ಮನೆಗಳಲ್ಲೂ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಶೂ ಹಾಕಿದ ದಿನವೇ ಪುಡಿಯಾಗುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. “ಬಳಸದೆ ಇಟ್ಟರೆ ಹಾಳಾಗುವುದಿಲ್ಲ” ಎಂಬ ನಂಬಿಕೆ ನಿಜವಲ್ಲ.

ಸೂಪರ್ ಗ್ಲೂ ಯಾಕೆ ಬೇಡ?

ಸೂಪರ್ ಗ್ಲೂ ಒಣಗಿದ ಮೇಲೆ ಗಾಜಿನಂತೆ ಗಡುಸಾಗುತ್ತದೆ. ನಡೆಯುವಾಗ ಶೂ ಪ್ರತಿ ಹೆಜ್ಜೆಗೂ ಮಡಿಯುತ್ತದೆ. ಗಡುಸಾದ ಅಂಟು ಮಡಿಯಲಾರದೆ ಬಿರುಕು ಬಿಡುತ್ತದೆ.

ಶೂ ರಿಪೇರಿಯವರು ಬಳಸುವುದು ಒಣಗಿದ ಮೇಲೂ ಬಾಗುವ ಕಾಂಟ್ಯಾಕ್ಟ್ ಅಂಟನ್ನು. ಶೂವನ್ನು ತೊಳೆದು ಪೂರ್ತಿ ಒಣಗಿಸಿ. ಹಳೆಯ ಅಂಟನ್ನು ಕೆರೆದು, ಎರಡೂ ಬದಿಯನ್ನು ಮರಳು ಕಾಗದದಿಂದ ಉಜ್ಜಿ. ಎರಡೂ ಬದಿಗೆ ತೆಳುವಾಗಿ ಅಂಟು ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ನಂತರ ಸರಿಯಾಗಿ ಜೋಡಿಸಿ, ಬಲವಾಗಿ ಒತ್ತಿ ಅಥವಾ ಸುತ್ತಿಗೆಯಿಂದ ತಟ್ಟಿ. ಒಂದು ದಿನವಾದರೂ ಮುಟ್ಟಬೇಡಿ. ಅಂಟಿನ ಆವಿ ಒಳ್ಳೆಯದಲ್ಲ, ಬೆಂಕಿಯೂ ಹೊತ್ತಿಕೊಳ್ಳಬಹುದು. ಆದ್ದರಿಂದ ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕುಳಿತು ಈ ಕೆಲಸ ಮಾಡಿ.

ಹೊಸ ಫೆಲ್ಟ್ ಹಾಕುವ ಮುನ್ನ

ಕೆಲವು ವೇಡಿಂಗ್ ಶೂಗಳ ಅಡಿಗೆ ಫೆಲ್ಟ್ ಇರುತ್ತದೆ. ಇದು ನಾರನ್ನು ಒತ್ತಿ ಮಾಡಿದ, ಕಂಬಳಿಯಂಥ ದಪ್ಪ ಪದರ. ಜಾರುವ ಕಲ್ಲಿನ ಮೇಲೆ ಒಳ್ಳೆಯ ಹಿಡಿತ ಕೊಡುತ್ತದೆ, ಸವೆದರೆ ಬದಲಿಸಲೂ ಬರುತ್ತದೆ. ತೊಂದರೆಯೆಂದರೆ, ಇದು ಬೇಗ ಒಣಗುವುದಿಲ್ಲ. ನೀರಿನ ಜೊತೆ ಕಣ್ಣಿಗೆ ಕಾಣದ ಜೀವಿಗಳೂ ಅದರಲ್ಲಿ ಉಳಿದು ಇನ್ನೊಂದು ನದಿ ಸೇರುತ್ತವೆ.

2004ರಲ್ಲಿ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಅದು ನದಿತಳದ ಕಲ್ಲುಗಳ ಮೇಲೆ ದಪ್ಪ ಹಾಸಿನಂತೆ ಬೆಳೆಯುತ್ತದೆ. 2008ರಲ್ಲಿ ಅಲ್ಲಿ ಸಿಹಿನೀರಿನ ಮೀನುಗಾರಿಕೆಗೆ ಫೆಲ್ಟ್ ಅಡಿಯನ್ನು ನಿಷೇಧಿಸಲಾಯಿತು. ಅಮೆರಿಕದ ಅಲಾಸ್ಕಾದಲ್ಲೂ 2012ರಿಂದ ಇಂಥ ನಿಷೇಧ ಬಂತು. ಇನ್ನೊಂದು ರಾಜ್ಯ ವರ್ಮಾಂಟ್ 2011ರಲ್ಲಿ ತಂದ ನಿಷೇಧವನ್ನು 2016ರಲ್ಲಿ ಹಿಂತೆಗೆದುಕೊಂಡಿತು. ಹೀಗೆ ನಿಯಮ ಒಂದೊಂದು ಕಡೆ ಒಂದೊಂದು ತರಹ. ಅಲ್ಲಿ ನೆಲೆಸಿರುವ ನಮ್ಮವರು ಫೆಲ್ಟ್ ಕೊಳ್ಳುವ ಮೊದಲು ಸ್ಥಳೀಯ ನಿಯಮ ನೋಡಿಕೊಳ್ಳಬೇಕು. ರಬ್ಬರ್ ಅಡಿಯಾದರೆ ಸಾಕು ಎಂದುಕೊಳ್ಳುವುದೂ ಸರಿಯಲ್ಲ. ಲೇಸ್, ಒಳಪದರ, ಬಲೆ, ದೋಣಿಗಳೂ ಈ ಜೀವಿಗಳನ್ನು ಹೊತ್ತೊಯ್ಯುತ್ತವೆ.

ಬಾಳಿಕೆ ಹೆಚ್ಚಬೇಕೆಂದರೆ

ಪ್ರತಿ ಸಲ ನದಿಯ ದಂಡೆಯಲ್ಲೇ ಕೆಸರು, ಪಾಚಿ ತೆಗೆದು, ಮನೆಗೆ ಬಂದು ತೊಳೆಯಿರಿ. ನೆರಳಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ. ಬೆಂಕಿ, ಹೀಟರ್ ಅಥವಾ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಬೇಡ. ಆ ಬಿಸಿಗೆ ಅಂಟು ಸಡಿಲವಾಗುತ್ತದೆ. ಒದ್ದೆ ಶೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒಳಗೂ ಹೊರಗೂ ಒಣಗಿದ ಮೇಲೆ ಕನಿಷ್ಠ 48 ಗಂಟೆ ಹಾಗೇ ಬಿಟ್ಟು, ಆಮೇಲೆ ಬೇರೆ ನದಿಗಿಳಿಯಿರಿ ಎಂಬುದು ನ್ಯೂಜಿಲೆಂಡ್‌ನ ಅಧಿಕೃತ ಸಲಹೆ. ಹೀಗೆ ಒಣಗಿಸಿದರೆ ಶೂವಿನ ಆಯಸ್ಸು ಹೆಚ್ಚುತ್ತದೆ, ನದಿಯೂ ಉಳಿಯುತ್ತದೆ.

“ಎರಡು ಹನಿ ಸಾಕು” ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಉಗುರಿನ ಪರೀಕ್ಷೆಯನ್ನೂ ಜೊತೆಗೆ ತಿಳಿಸಿ. ಪುಡಿ ಉದುರುವ ಶೂ ಹಾಕಿಕೊಂಡು ಯಾರೂ ನೀರಿಗೆ ಇಳಿಯದಿರಲಿ.